ಹಗಲೆಲ್ಲ ನಿದ್ದೆ ಮಾಡೋ ಕೆಂಪು ತಲೆ ಬಾತು ಊಟ ಮಾಡೋದು ಯಾವಾಗ?

ಪ್ರಶ್ನೆ: ಚಳಿಗಾಲದಲ್ಲಿ ಕೆರೆ ನಡುವೆ ಕೆಂಪು ತಲೆ, ಬೂದು ಮೈ ಇರೋ ಬಾತುಗಳು ಗುಂಪಾಗಿ ತೇಲ್ತಿರ್ತವೆ. ಯಾವಾಗ ನೋಡಿದ್ರೂ ನಿದ್ದೇನೇ. ಇವು ಯಾವ ಬಾತು, ಏನು ತಿಂತವೆ?

ಉತ್ತರ: ನೀವು ಹೇಳಿದ ಬಣ್ಣ ನೋಡಿದ್ರೆ ಅದು ಕಾಮನ್ ಪೋಚಾರ್ಡ್ ಗಂಡು. ತಲೆ ಕತ್ತು ಕೆಂಗಂದು, ಎದೆ ಕಪ್ಪು, ಬೆನ್ನು ಪಕ್ಕೆ ತಿಳಿ ಬೂದು, ಕಣ್ಣು ಕೆಂಪು, ಕಪ್ಪು ಕೊಕ್ಕಿನ ಮಧ್ಯೆ ಬೂದು-ನೀಲಿ ಪಟ್ಟಿ. ಕೊಕ್ಕು ಪೂರ್ತಿ ಕೆಂಪಗಿದ್ರೆ ಮಾತ್ರ ಅದು ರೆಡ್ ಕ್ರೆಸ್ಟೆಡ್ ಪೋಚಾರ್ಡ್, ಬೇರೆ ಜಾತಿ, ಸೈಜಲ್ಲೂ ದೊಡ್ಡದು. ಹೆಣ್ಣು ಮಾಸಲು ಕಂದು-ಬೂದು, ಅದನ್ನ ತುಂಬಾ ಜನ ಗಮನಿಸೋದೇ ಇಲ್ಲ.

ಇವು ಮರಿ ಮಾಡೋದು ಯುರೋಪಿಂದ ಸೈಬೀರಿಯಾವರೆಗಿನ ಜೊಂಡು ಬೆಳೆದ ಕೆರೆಗಳಲ್ಲಿ, ಚಳಿ ಶುರುವಾದ್ಮೇಲೆ ಇಂಡಿಯಾ ಕಡೆ ಬರ್ತವೆ, ರಾಜಸ್ಥಾನದ ಭರತ್‌ಪುರ, ಒಡಿಶಾದ ಚಿಲಿಕಾ, ನಮ್ಮ ಕರ್ನಾಟಕದ ಕೆಲವು ಕೆರೆ ಹಿನ್ನೀರುಗಳಲ್ಲೂ ಕಾಣಿಸ್ತವೆ.

ಈಗ ನಿದ್ದೆ ವಿಷಯ. ಪೋಚಾರ್ಡ್ ಹೆಚ್ಚಾಗಿ ಮೇಯೋದು ರಾತ್ರಿ ಹೊತ್ತು, ಅದಕ್ಕೇ ಹಗಲು ರೆಸ್ಟ್. ಚುಕ್ಕೆ ಕೊಕ್ಕಿನ ಬಾತಿನ ಥರ ಬಾಲ ಮೇಲೆತ್ತಿ ತಲೆ ಮಾತ್ರ ಮುಳುಗಿಸೋದಲ್ಲ ಇದು, ಪೂರ್ತಿ ಡೈವ್ ಹೊಡೆದು ತಳಕ್ಕೇ ಹೋಗುತ್ತೆ, ಸಾಮಾನ್ಯವಾಗಿ ಒಂದೆರಡು ಮೀಟರ್ ಆಳ, ಅಲ್ಲಿ ನೀರುಗಿಡಗಳ ಬೀಜ, ಬೇರು, ಎಲೆ, ಜೊತೆಗೆ ಬಸವನಹುಳು, ನೀರಿನ ಹುಳುಮರಿಗಳು, ಒಂದೊಂದ್ಸಲ ಸಣ್ಣ ಮೀನು, ಹಿಂಗೆ ಸಿಕ್ಕಿದ್ದೆಲ್ಲ ತಿನ್ನುತ್ತೆ. ಹಲ್ಲಿಲ್ವಲ್ಲ, ಅದಕ್ಕೆ ತಳದ ಸಣ್ಣ ಕಲ್ಲುಗಳನ್ನೂ ನುಂಗುತ್ತೆ, ಅವು ಹೊಟ್ಟೇಲಿ ಬೀಸೋಕಲ್ಲಿನ ಥರ ಬೀಜ ಅರೀತವೆ.

ಆದ್ರೆ ಇಲ್ಲೇ ಅಪಾಯ ಇರೋದು. ಬೇಟೆಗಾರರು ಹಾರಿಸಿದ ಸೀಸದ ಚರೆ, ಅಂದ್ರೆ ಬಂದೂಕಿನ ಸಣ್ಣ ಗುಂಡು, ಕೆರೆ ತಳದಲ್ಲಿ ಬಿದ್ದಿರುತ್ತೆ, ಕಲ್ಲಿನ ಜೊತೆ ಅದನ್ನೂ ನುಂಗಿಬಿಡ್ತವೆ, ಸೀಸ ರಕ್ತಕ್ಕೆ ಸೇರಿ ನಿಧಾನಕ್ಕೆ ಸಾಯ್ತವೆ. ಯುರೋಪಲ್ಲಿ ಈ ವಿಷಕ್ಕೆ ತುಂಬಾ ಸಿಕ್ಕಿಕೊಳ್ಳೋ ಬಾತುಗಳಲ್ಲಿ ಪೋಚಾರ್ಡ್ ಒಂದು. ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲೂ ಕೆರೆ, ಜೌಗು ಪ್ರದೇಶಗಳಲ್ಲಿ ಸೀಸದ ಚರೆ ನಿಷೇಧ ಆಗಿದ್ದು 2023ರಲ್ಲಿ, ನನ್ನ ಪ್ರಕಾರ ಬಹಳ ಲೇಟು. ಅಷ್ಟರಲ್ಲಿ ಸಂಖ್ಯೆ ಇಳಿದು 2015ರಲ್ಲೇ ಜೀವಿಗಳ ಅಳಿವಿನ ಅಪಾಯ ಲೆಕ್ಕ ಹಾಕೋ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನ ಅಪಾಯದಂಚಿನ (ವಲ್ನರಬಲ್) ಪಟ್ಟಿಗೆ ಸೇರಿಸಿತ್ತು, ಮರಿ ಮಾಡೋ ಜಾಗ ಹಾಳಾಗ್ತಿರೋದೂ ಒಂದು ಕಾರಣ.

ಇನ್ನೊಂದು ಮಾತು. ಡೈವ್ ಹೊಡೆಯೋಕೆ ಅನುಕೂಲ ಆಗ್ಲಿ ಅಂತ ಇದರ ಕಾಲು ದೇಹದ ಹಿಂಭಾಗದಲ್ಲಿವೆ, ಹಂಗಾಗಿ ನೆಲದ ಮೇಲೆ ನಡಿಗೆ ಕಷ್ಟ, ಹಾರ್ಬೇಕಂದ್ರೂ ನೀರ ಮೇಲೆ ರೆಕ್ಕೆ ಬಡೀತಾ ದೂರ ಓಡ್ಬೇಕು. ಹಗಲಲ್ಲಿ ದಡಕ್ಕೆ ಹೋಗಿ ಎಬ್ಬಿಸಿದ್ರೆ ರಾತ್ರಿಯೆಲ್ಲ ತಿಂದು ಕೂಡಿಸಿದ ಶಕ್ತಿ ಅಲ್ಲೇ ಖರ್ಚು, ದಯವಿಟ್ಟು ಫೋಟೋಗೋಸ್ಕರ ಹತ್ತಿರ ಹೋಗ್ಬೇಡಿ. ಮೇಯೋದನ್ನ ನೋಡ್ಬೇಕು ಅಂದ್ರೆ ಬೆಳಕು ಹರಿಯೋ ಹೊತ್ತಿಗೆ ಇಲ್ಲಾ ಸಂಜೆ ಬೈನಾಕ್ಯುಲರ್ ತಗೊಂಡು ದೂರದಲ್ಲೇ ಕೂತ್ಕೊಳ್ಳಿ.