ಕಾರು 120 ಪೌಂಡ್ ಜಾಸ್ತಿ ತೂಗಿದ್ದು

ಹಾಸನ ಕೋರ್ಟಲ್ಲಿ ಕ್ರಿಮಿನಲ್ ಪ್ರಾಕ್ಟೀಸ್ ಶುರು ಮಾಡಿ ಇಪ್ಪತ್ತು ವರ್ಷ ದಾಟ್ತು, ದಿನಾ ಪೊಲೀಸ್ ಫೈಲೇ ಓದೋನು ಅಂತ ಪೊಲೀಸ್ ಸಿನಿಮಾ ಕಡೆ ಹೋಗ್ತಾನೇ ಇರ್ಲಿಲ್ಲ. ಮೊನ್ನೆ ಸಂಜೆ ಜೋರು ಮಳೆ, ಆಫೀಸಿಂದ ಹೊರಡೋಕಾಗ್ದೆ ಕೂತಿದ್ವಿ, ಜೂನಿಯರ್ ಲ್ಯಾಪ್‌ಟಾಪ್ ತಂದು "ಸಾರ್, ಇದೊಂದು ನೀವು ನೋಡ್ಲೇಬೇಕು" ಅಂದ. 1971ರ ದಿ ಫ್ರೆಂಚ್ ಕನೆಕ್ಷನ್. ವಿಲಿಯಂ ಫ್ರೀಡ್‌ಕಿನ್ ಡೈರೆಕ್ಷನ್, ಜೀನ್ ಹ್ಯಾಕ್‌ಮನ್ ನ್ಯೂಯಾರ್ಕಿನ ನಾರ್ಕೋಟಿಕ್ಸ್ ಪೊಲೀಸ್, 5 ಆಸ್ಕರ್ ಬಂದಿರೋ ಪಿಚ್ಚರು.

ಮೇಲೆ ರೈಲು, ಕೆಳಗೆ ಕಾರು, ಆ ಚೇಸ್ ಬಗ್ಗೆ ಎಲ್ರೂ ಹೇಳ್ತಾರೆ. ಕಳ್ಳಸಾಗಣೆದಾರ ಹೋಟೆಲ್ ಒಳಗೆ ಕೂತು ಬಿಸಿಬಿಸಿ ಊಟ ಮಾಡ್ತಿದ್ರೆ ಪೊಲೀಸ್ನೋರು ಎದುರು ರಸ್ತೇಲಿ ಚಳಿಗೆ ನಡುಗ್ತಾ ನಿಂತಿರ್ತಾರೆ, ಅದನ್ನ ನೋಡಿ ಘಾಟಿಯ ಚೆಕ್‌ಪೋಸ್ಟಲ್ಲಿ ಮಳೇಲಿ ನಿಲ್ಲೋ ನಮ್ ಕಾನ್‌ಸ್ಟೇಬಲ್‌ಗಳು ಕಣ್ಮುಂದೆ ಬಂದ್ರು. ಆದ್ರೆ ನಾನು ನೆಟ್ಟಗೆ ಕೂತಿದ್ದು ಗ್ಯಾರೇಜ್ ಸೀನಿಗೆ. ಅನುಮಾನದ ಕಾರನ್ನ ಬಿಚ್ಚೀ ಬಿಚ್ಚೀ ಹುಡುಕ್ತಾರೆ, ಏನೂ ಇಲ್ಲ. ಕೊನೆಗೆ ಒಬ್ಬ ತೂಕ ತಾಳೆ ಹಾಕ್ತಾನೆ, ಕಂಪನಿ ಪುಸ್ತಕದಲ್ಲಿ ಇರೋದಕ್ಕಿಂತ 120 ಪೌಂಡ್ ಜಾಸ್ತಿ, ಅಂದ್ರೆ ಸುಮಾರು 54 ಕೆಜಿ. ಬಾಗಿಲ ಕೆಳಗಿನ ರಾಕರ್ ಪ್ಯಾನೆಲ್ ಒಂದು ಬಿಟ್ಟು ಎಲ್ಲಾ ಬಿಚ್ಚಿದೀನಿ ಅಂತಾನೆ ಮೆಕ್ಯಾನಿಕ್. ಮಾಲು ಅಲ್ಲೇ ಇತ್ತು. ಆಮೇಲೆ ಕಾರನ್ನ ಮೊದಲಿನ ಹಾಗೇ ಜೋಡಿಸಿ ವಾಪಸ್ ಕೊಟ್ಟು ಹಿಂದೆ ಹೋಗ್ತಾರೆ, ನಮ್ಮ ಎನ್‌ಡಿಪಿಎಸ್, ಅಂದ್ರೆ ಮಾದಕ ವಸ್ತು ಕಾಯ್ದೆಗೆ 2001ರಲ್ಲಿ ಸೇರಿದ 50ಎ ಸೆಕ್ಷನ್ನಿನ ಕಂಟ್ರೋಲ್ಡ್ ಡೆಲಿವರಿ ಅಂದ್ರೆ ಇಂಥದ್ದೇ.

ತೂಕ ಅಂದ್ರೆ ನಮ್ಗೆ ಯಾಕಿಷ್ಟು ಜೀವ ಅಂದ್ರೆ, ಗಾಂಜಾ 1 ಕೆಜಿಗಿಂತ ಕಡಿಮೆ ಇದ್ರೆ ಸ್ಮಾಲ್ ಕ್ವಾಂಟಿಟಿ, ಶಿಕ್ಷೆ ಹೆಚ್ಚೆಂದ್ರೆ 1 ವರ್ಷ. ಅದಕ್ಕಿಂತ ಮೇಲೆ ಹೋದ್ರೆ 10 ವರ್ಷದವರೆಗೂ ಹೋಗ್ಬಹುದು. 20 ಕೆಜಿ ದಾಟಿದ್ರೆ ಕಮರ್ಷಿಯಲ್, ಅಲ್ಲಿ ಕಡಿಮೆ ಅಂದ್ರೇನೇ 10. ಸಕಲೇಶಪುರ ಕಡೆಯ ಒಬ್ಬ ಹುಡುಗನ ಕೇಸಲ್ಲಿ ಮಹಜರ್‌ನಲ್ಲಿ (ಮಾಲು ಹಿಡಿದಾಗ ಸ್ಥಳದಲ್ಲೇ ಬರೆಯೋ ದಾಖಲೆ) ಬರೆದಿದ್ದು 1 ಕೆಜಿ 60 ಗ್ರಾಂ, ಪಕ್ಕದಲ್ಲೇ "ಚೀಲ ಸಮೇತ". ತಕ್ಕಡಿ ದಿನಸಿ ಅಂಗಡಿಯಿಂದ ತಂದಿದ್ದು. ಚೀಲ ಬೇರೆ ತೂಗಿದ್ರಾ ಅಂತ ಪಾಟೀಸವಾಲಲ್ಲಿ ಕೇಳ್ದೆ, ಇಲ್ಲ ಅಂದ್ರು ತನಿಖಾಧಿಕಾರಿ. ಕಾಯ್ದೆ ಗಾಂಜಾ ಅನ್ನೋದು ಹೂವು, ಕಾಯಿ ಬಿಟ್ಟ ತುದಿಗೆ, ಅದರ ಜೊತೆಗಿಲ್ಲದ ಬರೀ ಎಲೆ, ಬೀಜಕ್ಕಲ್ಲ, ಆದ್ರೆ ಇಲ್ಲಿ ದಂಟು, ಎಲೆ, ಚೀಲ ಎಲ್ಲಾ ಒಟ್ಟಿಗೆ ತಕ್ಕಡಿಗೆ ಹಾಕಿದ್ರು. ಹುಡುಗ ಅಷ್ಟರಲ್ಲಿ ಎಂಟು ತಿಂಗಳು ಜೈಲಲ್ಲಿ ಕಳೆದಿದ್ದ. ತನಿಖೆ ಮಾಡೋರು ಯಾರಾದ್ರೂ ಇದನ್ನ ಓದ್ತಿದ್ರೆ, ದಯವಿಟ್ಟು ಖಾಲಿ ಚೀಲ ಬೇರೆ ತೂಗಿ, ಮಹಜರ್‌ನಲ್ಲಿ ಬರೀರಿ, ಎರಡು ನಿಮಿಷದ ಕೆಲಸ.

ಪಿಚ್ಚರ್ ಮುಗಿದ ಮೇಲೆ ಯಾರ್ಯಾರಿಗೆ ಏನಾಯ್ತು ಅಂತ ಅಕ್ಷರ ಬರುತ್ತೆ. ಮಾಲು ಕೊಳ್ಳೋಕೆ ಬಂದಿದ್ದ ದೊಡ್ಡ ಕುಳದ ಮೇಲಿನ ಕೇಸು ಸರಿಯಾದ ಸಾಕ್ಷ್ಯ ಇಲ್ಲ ಅಂತ ವಜಾ. "ಅಷ್ಟು ಮಾಲು ಸಿಕ್ಕಿತ್ತಲ್ಲ ಸಾರ್!" ಅಂದ ಜೂನಿಯರ್. ಎದ್ದೋಗಿ ರ‍್ಯಾಕಿಂದ ಆ ಹುಡುಗನ ಹಳೇ ಫೈಲ್ ತಂದು ಅವನ ಮುಂದಿಟ್ಟೆ, ಮಹಜರಿಂದ ಓದೋಕೆ ಶುರು ಮಾಡಪ್ಪ ಅಂದೆ.