ಮೂಳೆ ಕೂಡಿದೆ, ಒಳಗಿನ ರಾಡ್ ತೆಗೆಸಬೇಕೇ?

"ನಾಯಿಗೆ ಪ್ಲೇಟ್ ಹಾಕಿಸಿ ವರ್ಷದ ಮೇಲಾಯಿತು ಡಾಕ್ಟರೇ, ತೆಗೆಸುವುದು ಉಳಿದುಹೋಗಿದೆ." ಕಾರವಾರದಲ್ಲಿ ಪ್ರಾಣಿಗಳ ಶಸ್ತ್ರಚಿಕಿತ್ಸೆ ಮಾಡುವ ನನಗೆ ಈ ಮಾತು ತೀರ ಪರಿಚಿತ. ಮನೆಯಲ್ಲಿ ಯಾರೋ ಬೈಕಿನಿಂದ ಬಿದ್ದು ರಾಡ್ ಹಾಕಿಸಿಕೊಂಡು, ಮುಂದೆ ತೆಗೆಸಿರುತ್ತಾರೆ. ಅದೇ ಲೆಕ್ಕ ನಾಯಿಗೂ ಬರುತ್ತದೆ. ನಾಯಿಯೋ ನಾಲ್ಕೂ ಕಾಲೂರಿ ತೋಟದಲ್ಲಿ ಮಂಗ ಓಡಿಸುತ್ತಿರುತ್ತದೆ. ಅಂಥ ನಾಯಿಯ ಪ್ಲೇಟನ್ನು ನಾನು ಮುಟ್ಟುವುದಿಲ್ಲ. 316ಎಲ್ ಎಂಬ ದರ್ಜೆಯ ಸ್ಟೀಲ್ ಆಗಲಿ, ಟೈಟೇನಿಯಂ ಆಗಲಿ, ದೇಹದೊಳಗೆ ವರ್ಷಗಟ್ಟಲೆ ಇರಲೆಂದೇ ಆರಿಸಿದ ಲೋಹ. ತೆಗೆಯಬೇಕೆಂದರೆ ಮತ್ತೆ ಅರಿವಳಿಕೆ, ಮತ್ತೆ ಗಾಯ, ಮತ್ತೆ ವಾರಗಟ್ಟಲೆ ಕಟ್ಟಿಹಾಕುವುದು. ಇಷ್ಟಕ್ಕೆಲ್ಲ ಒಂದು ಕಾರಣ ಬೇಡವೇ?

ಪಿನ್ನಿನ ಮಾತು ಬೇರೆ. ತೊಡೆಯ ಮೂಳೆಯ ಕೊಳವೆಯೊಳಗೆ ಉದ್ದಕ್ಕೆ ತೂರಿಸಿದ ಪಿನ್ನನ್ನು ಹಿಡಿದಿಡಲು ಸ್ಕ್ರೂಗಳಿಲ್ಲ. ಅದು ನಿಧಾನವಾಗಿ ಹಿಂದಕ್ಕೆ ಸರಿದು ಪಿರ್ರೆಯ ಚರ್ಮದಡಿ ತುದಿ ಚಾಚುತ್ತದೆ. ಅಲ್ಲಿ ನೀರು ತುಂಬಿದ ಮೆತ್ತನೆಯ ಗುಳ್ಳೆ ಏಳುತ್ತದೆ, ಮುಟ್ಟಿದರೆ ನಾಯಿ ತಿರುಗಿ ನೋಡುತ್ತದೆ. ಕಾಲಿಗೆ ಹೋಗುವ ದಪ್ಪ ನರ ಆ ತುದಿಯ ಪಕ್ಕದಲ್ಲೇ ಇರುವುದರಿಂದ ಇದನ್ನು ಹಗುರವಾಗಿ ನೋಡುವಂತಿಲ್ಲ. ಮೂಳೆ ಕೂಡಿದ್ದು ಎಕ್ಸ್‌ರೇಯಲ್ಲಿ ಖಚಿತವಾದರೆ ಸಣ್ಣ ಗಾಯದಲ್ಲೇ ಪಿನ್ ಹೊರಬರುತ್ತದೆ. ಎಕ್ಸ್‌ರೇ ಮುಂದಿನಿಂದ ಒಂದು, ಪಕ್ಕದಿಂದ ಒಂದು ಬೇಕೇ ಬೇಕು. ಒಂದರಲ್ಲಿ ಮುಚ್ಚಿಹೋದ ಬಿರುಕು ಇನ್ನೊಂದರಲ್ಲಿ ಕಾಣುತ್ತದೆ. ಕಾಲಿನ ಹೊರಗೇ ಕಂಬಿ ಕಟ್ಟಿ ಪಿನ್ ಚುಚ್ಚಿದ ಚೌಕಟ್ಟಾದರೆ ಚರ್ಚೆಯೇ ಇಲ್ಲ, ಕೂಡಿದ ಕೂಡಲೇ ಬಿಚ್ಚಬೇಕು.

ಮರಿಗಳ ವಿಷಯದಲ್ಲಿ ಮಾತ್ರ ನಾನು ಅವಸರದವನು. ಮೂರು ತಿಂಗಳೊಳಗಿನ ಮರಿಯ ಮೂಳೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಕೂಡುತ್ತದೆ. ಬೆಳೆದ ನಾಯಿಗೆ ಎರಡು-ಮೂರು ತಿಂಗಳು ಹಿಡಿಯಬಹುದು. ಮರಿಯ ಮೂಳೆಯ ತುದಿಯಲ್ಲಿರುವ ಬೆಳವಣಿಗೆಯ ಪಟ್ಟಿಯನ್ನು ದಾಟಿ ಸ್ಕ್ರೂ ಕುಳಿತಿದ್ದರೆ ಆ ಕಡೆ ಬೆಳವಣಿಗೆ ನಿಂತು ಕಾಲು ಗಿಡ್ಡವಾಗಬಹುದು, ಸೊಟ್ಟಗಾಗಬಹುದು. "ಮಳೆಗಾಲ ಮುಗಿಯಲಿ, ನವರಾತ್ರಿ ಕಳೆದು ತರುತ್ತೇವೆ" ಎನ್ನುವವರಿಗೆ ನನ್ನ ಉತ್ತರ: ದೊಡ್ಡ ನಾಯಿಯಾದರೆ ಆಗಲಿ, ಮರಿಯಾದರೆ ಈ ವಾರವೇ ಬನ್ನಿ.

ಎಲ್ಲಕ್ಕಿಂತ ಹೆಚ್ಚು ಲೋಹ ತೆಗೆಸುವುದು ಸೋಂಕು. ಹೆದ್ದಾರಿ 66ರಲ್ಲಿ ವಾಹನ ಬಡಿದು, ಮೂಳೆ ಚರ್ಮ ಹರಿದು ಮಣ್ಣು ಮೆತ್ತಿಕೊಂಡು ಬಂದ ನಾಯಿಗಳಲ್ಲಿ ಇದರ ಭಯ ಜಾಸ್ತಿ. ಹಳೆಯ ಗಾಯದ ಗೆರೆಯ ಮೇಲೆ ಕಡಲೆಕಾಳಿನಷ್ಟು ತೂತು, ಸುತ್ತ ಅಂಟಿದ ಕೂದಲು, ಒತ್ತಿದರೆ ತೆಳು ಕೀವು. ಆಂಟಿಬಯಾಟಿಕ್ ಕೊಟ್ಟರೆ ವಾರದಲ್ಲಿ ಒಣಗುತ್ತದೆ, ನಿಲ್ಲಿಸಿದರೆ ಮತ್ತೆ ಸುರಿಯುತ್ತದೆ. ಎರಡನೆಯ ಸಲ ಹೀಗಾದಾಗಲೇ ಲೋಹವನ್ನು ಅನುಮಾನಿಸಬೇಕು. ಬ್ಯಾಕ್ಟೀರಿಯಾಗಳು ಪ್ಲೇಟಿನ ಮೈಮೇಲೆ ಲೋಳೆಯ ಪದರ ಕಟ್ಟಿಕೊಂಡು ಕುಳಿತಿರುತ್ತವೆ. ಔಷಧ ಅಲ್ಲಿಯವರೆಗೆ ಹೋದರೂ ಪದರದೊಳಗಿನವನ್ನು ಕೊಲ್ಲುವುದು ಕಷ್ಟ. ಮೂರನೆಯ, ನಾಲ್ಕನೆಯ ಬಾರಿ ಔಷಧ ಬದಲಿಸುವುದು ದುಡ್ಡು ದಂಡ. ಯಾವುದಕ್ಕೂ ಜಗ್ಗದ ಬ್ಯಾಕ್ಟೀರಿಯಾ ತಯಾರಾಗುವುದೊಂದೇ ಅದರ ಫಲ. ಹಾಗೆಂದು ಕೀವು ಕಂಡ ದಿನವೇ ಪ್ಲೇಟ್ ಕಿತ್ತರೂ ಕೆಟ್ಟಿತು. ಅಲುಗಾಡದಂತೆ ಬಿಗಿಯಾಗಿ ಹಿಡಿದಿಟ್ಟರೆ ಸೋಂಕಿನ ನಡುವೆಯೂ ಮೂಳೆ ಕೂಡುತ್ತದೆ. ಸಡಿಲವಾದರೆ ಮೂಳೆಯೂ ಕೂಡದು, ಸೋಂಕೂ ಹೋಗದು. ಆದ್ದರಿಂದ ಕೂಡುವವರೆಗೆ ಔಷಧದಲ್ಲಿ ತಡೆದು ನಿಲ್ಲಿಸಿ, ಕೂಡಿದ ಮೇಲೆ ಲೋಹ ತೆಗೆದು, ಅಂಟಿರುವ ಬ್ಯಾಕ್ಟೀರಿಯಾ ಯಾವುದೆಂದು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಒಂದು ಸ್ಕ್ರೂವನ್ನು ಕಳಿಸುತ್ತೇನೆ.

ಸಡಿಲಗೊಂಡ ಸ್ಕ್ರೂ, ತೆಳು ಚರ್ಮದಡಿ ಚುಚ್ಚುವ ಪ್ಲೇಟಿನ ಅಂಚು, ಅದನ್ನು ಬಿಡದೆ ನೆಕ್ಕುವ ನಾಯಿ, ಇವೂ ಕಾರಣಗಳೇ. ಲೋಹದ ಬಳಿ ವರ್ಷಗಳ ನಂತರ ಗಡ್ಡೆ ಬೆಳೆಯುವುದುಂಟು, ಆದರೆ ಬಹಳ ಅಪರೂಪ. ಚಳಿಗೆ ಪ್ಲೇಟ್ ತಣ್ಣಗಾಗಿ ನಾಯಿ ಕುಂಟುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಕಾರವಾರದ ಸೆಕೆಯಲ್ಲಿ ಆ ದೂರು ಹೊತ್ತು ಬಂದವರು ಯಾರೂ ಇಲ್ಲ.

ತೆಗೆಯುವ ಕೆಲಸ ಹಾಕುವುದಕ್ಕಿಂತ ಸುಲಭ ಎಂಬ ನಂಬಿಕೆಯಿದೆ. ಪ್ಲೇಟಿನ ಅಂಚಿನ ಮೇಲೆ ಹೊಸ ಮೂಳೆ ಹತ್ತಿರುತ್ತದೆ, ಸ್ಕ್ರೂ ತಲೆಯ ಆರು ಮೂಲೆಯ ಗುಳಿಯಲ್ಲಿ ಗಟ್ಟಿ ಅಂಗಾಂಶ ತುಂಬಿರುತ್ತದೆ. ಮೊನಚು ಕಡ್ಡಿಯಿಂದ ಗುಳಿಯನ್ನು ತಳದವರೆಗೆ ಕೆರೆದು, ಸ್ಕ್ರೂಡ್ರೈವರ್ ಪೂರ್ತಿ ಇಳಿದಿದೆಯೇ ನೋಡಿ, ಆಮೇಲೆಯೇ ತಿರುಗಿಸಬೇಕು. ಅರ್ಧಕ್ಕೇ ತಿರುಗಿಸಿದರೆ ಗುಳಿ ಸವೆದು ದುಂಡಗಾಗುತ್ತದೆ, ಅರ್ಧ ಗಂಟೆಯ ಕೆಲಸ ಎರಡು ಗಂಟೆ ಹಿಡಿಯುತ್ತದೆ.

ಇನ್ನು ಮನೆಯವರ ಪಾಳಿ. ಸ್ಕ್ರೂ ತೆಗೆದ ಜಾಗದಲ್ಲಿ ತೂತು ಉಳಿಯುತ್ತದೆ, ಮೊಳೆ ಹೊಡೆದ ಗಳ ಮೊಳೆಯ ಜಾಗದಲ್ಲೇ ಮುರಿಯುವಂತೆ ಮೂಳೆಯೂ ಅಲ್ಲೇ ಮುರಿಯಬಲ್ಲದು. ಪೊಮೆರೇನಿಯನ್‌ನಂಥ ಪುಟ್ಟ ನಾಯಿಯ ಮುಂಗಾಲಿನಲ್ಲಿ ಈ ಭಯ ಹೆಚ್ಚು. ಅಷ್ಟು ದಿನ ಭಾರವನ್ನೆಲ್ಲ ಪ್ಲೇಟೇ ಹೊತ್ತು ಅಡಿಯ ಮೂಳೆ ಸೊರಗಿರುತ್ತದೆ. ಅಂಥದ್ದರಲ್ಲಿ ಒಂದೇ ಸಲಕ್ಕೆ ಎಲ್ಲ ತೆಗೆಯದೆ ಕೆಲವು ಸ್ಕ್ರೂಗಳನ್ನು ಮೊದಲು ತೆಗೆಯುವುದೂ ಉಂಟು. ಕನಿಷ್ಠ ಆರು ವಾರ ಓಟವಿಲ್ಲ, ಜಿಗಿತವಿಲ್ಲ, ಹಗ್ಗದಲ್ಲೇ ಅಡ್ಡಾಟ. ಪಾಚಿಗಟ್ಟಿದ ಚಿರೆಕಲ್ಲಿನ ಮೆಟ್ಟಿಲಿಗೆ ಬಿಡಬೇಡಿ. ಬೆಕ್ಕನ್ನು ಕೋಣೆಯಲ್ಲಿ ಕೂಡಿದರೆ ಸಾಲದು, ಅಟ್ಟಕ್ಕೆ ಹಾರುತ್ತದೆ, ಪಂಜರವೇ ಬೇಕು.

ಮೊದಲ ಶಸ್ತ್ರಚಿಕಿತ್ಸೆ ಹುಬ್ಬಳ್ಳಿಯಲ್ಲೋ ಗೋವಾದಲ್ಲೋ ಆಗಿದ್ದರೆ ಆಗಿನ ಎಕ್ಸ್‌ರೇ ಮತ್ತು ಹಾಕಿದ ಪ್ಲೇಟ್, ಸ್ಕ್ರೂಗಳ ಅಳತೆ ಬರೆಸಿಕೊಂಡು ಬನ್ನಿ. ಯಾವ ಸ್ಕ್ರೂಡ್ರೈವರ್ ಮೇಜಿನ ಮೇಲಿರಬೇಕು ಎಂಬುದು ನಾಯಿಯನ್ನು ಮಲಗಿಸುವ ಮೊದಲೇ ನನಗೆ ತಿಳಿದಿರಬೇಕು.