ಜೋಂಗಾ ಸಿಕ್ಕಿತು ಸರಿ, ಫಾರಂ 21 ಎಲ್ಲಿ?

ಹಳೆ ಗಾಡಿಗಳ ತಪಾಸಣೆ ನನ್ನ ಕೆಲಸ. ಆಗಾಗ ಯಾರಾದರೂ ಫೋನ್ ಮಾಡಿ, "ಸಾರ್, ಮಿಲಿಟರಿ ಹರಾಜಿನಲ್ಲಿ ಜೋಂಗಾ ಹಿಡಿದೆ, ಎಂಜಿನ್ ಸ್ವಲ್ಪ ನೋಡ್ಬೇಕಿತ್ತು" ಅಂತಾರೆ. ಜೋಂಗಾ ಅಂದರೆ ಸೇನೆಯವರು ಓಡಿಸುತ್ತಿದ್ದ ಜೀಪಿನಂಥ ಗಾಡಿ. ಎಂಜಿನ್ ಆಮೇಲೆ ನೋಡೋಣ, ಕಾಗದ ಏನಿದೆ ಅಂದರೆ ಆ ಕಡೆ ಮೌನ. ಆಮೇಲೆ, "ಡೆಲಿವರಿ ಆರ್ಡರ್ ಇದೆಯಲ್ಲಾ!"

ಡೆಲಿವರಿ ಆರ್ಡರ್ ಅಂದರೆ ಯಾರ್ಡಿನಿಂದ ಮಾಲು ಹೊರಗೆ ಬಿಡಿ ಅನ್ನುವ ಚೀಟಿ, ಅಷ್ಟೆ. ಗೇಟಿನವರಿಗೆ ಸಾಕು, ಆರ್‌ಟಿಓಗೆ ಸಾಲದು. ಸೇನೆಯ ಗಾಡಿಯ ಲೆಕ್ಕ ರಕ್ಷಣಾ ಇಲಾಖೆಯಲ್ಲೇ ಇರುತ್ತದೆ. ಆರ್‌ಸಿ ನಿಮ್ಮ ಹೆಸರಿಗೆ ವರ್ಗಾಯಿಸೋಣ ಅಂದರೆ ವರ್ಗಾಯಿಸಲು ಆರ್‌ಸಿಯೇ ಇಲ್ಲ. ಹೊಸದಾಗಿ ನೋಂದಣಿ ಮಾಡಿಸಬೇಕು. ಅದಕ್ಕೆ ಕೇಂದ್ರ ಮೋಟಾರು ವಾಹನ ನಿಯಮ 47 ಕೇಳುವುದು ಫಾರಂ 21ರ ಮಾರಾಟ ಪತ್ರ, ಅದೂ ಸಂಬಂಧಪಟ್ಟ ಅಧಿಕಾರಿ ಕೊಟ್ಟ ಮೂಲ ಪ್ರತಿ. ಜೆರಾಕ್ಸ್ ಅಲ್ಲ. ಇನ್ನೊಂದು ಸಲ ಹೇಳುತ್ತೇನೆ, ಜೆರಾಕ್ಸ್ ಅಲ್ಲ. ವ್ಯಾಪಾರಿ ಹತ್ತು ಗಾಡಿಗಳ ಲಾಟ್ ಒಟ್ಟಿಗೆ ಹಿಡಿದು, ಒಂದನ್ನು ನಿಮಗೆ ಮಾರಿ ಕೈಗಿಡುವುದು ಸಾಮಾನ್ಯವಾಗಿ ಆ ಜೆರಾಕ್ಸನ್ನೇ.

ಗಾಡಿ ಗುಜರಿ ಎಂದು ಮಾರಾಟವಾಗಿದ್ದರೆ ಫಾರಂ 21ರ ಆಸೆ ಬಿಟ್ಟುಬಿಡುವುದೇ ಒಳ್ಳೆಯದು. ಎಂಎಸ್‌ಟಿಸಿ ಎಂಬ ಸರ್ಕಾರಿ ಕಂಪನಿಯ ಇ-ಹರಾಜಿನ ಪಟ್ಟಿಯಲ್ಲಿ ಎಲ್ಲರೂ ಫೋಟೋ ನೋಡುತ್ತಾರೆ, ಷರತ್ತು ಓದುವವರು ಕಡಿಮೆ. "ಇದ್ದಲ್ಲಿ, ಇದ್ದಂತೆ" ಎಂದು ಒಪ್ಪಿ ದುಡ್ಡು ಕಟ್ಟಿದ ಮೇಲೆ ಯಾರ ಹತ್ತಿರ ಜಗಳ ಆಡುತ್ತೀರಿ? ಬಿಡ್ ಹಾಕುವ ಮೊದಲೇ ನಿಮ್ಮ ಆರ್‌ಟಿಓ ಕಚೇರಿಗೆ ಹೋಗಿ ಕೇಳಿ. ಒಂದು ಕಡೆ ಸರಾಗವಾಗಿ ಆಗಿದ್ದು ಇನ್ನೊಂದು ಕಡೆ ತಿಂಗಳುಗಟ್ಟಲೆ ಎಳೆದದ್ದು ನೋಡಿದ್ದೇನೆ. ಹಾಗಾಗಿ ನಾನಂತೂ ಯಾರಿಗೂ ಭರವಸೆ ಕೊಡುವುದಿಲ್ಲ.

ಗಾಡಿಯ ವಯಸ್ಸಿನ ಲೆಕ್ಕವೂ ಹೀಗೇ ತಪ್ಪುತ್ತದೆ. ಹರಾಜಾದ ವರ್ಷದಿಂದ ಎಣಿಸುತ್ತಾರೆ. ಸೇನೆಯ ನಂಬರ್ ಪ್ಲೇಟಿನಲ್ಲಿ ಮೇಲ್ಮುಖ ಬಾಣದ ಪಕ್ಕದ ಎರಡು ಅಂಕಿ ನೋಡಿ, ಗಾಡಿ ಸೇನೆಗೆ ಬಂದ ವರ್ಷ ಅದು. 98 ಅಂತ ಇದ್ದರೆ ಅದು 1998ರ ಗಾಡಿ, ಮೊನ್ನೆ ಹರಾಜಾದರೂ ಅಷ್ಟೆ.

ಬಣ್ಣದ ವಿಷಯ ಹೇಳಿದರೆ ಮುಖ ಬಾಡುತ್ತದೆ. ಆ ಮಿಲಿಟರಿ ಹಸಿರು ರಕ್ಷಣಾ ಇಲಾಖೆಗೆ ಮಾತ್ರ, ನಿಯಮ 121ರಲ್ಲೇ ಇದೆ. ಬೇರೆ ಬಣ್ಣ ಬಳಿಯಲೇಬೇಕು. ಹಸಿರಿಗಾಗಿಯೇ ತಗೊಂಡವರು ಏನು ಮಾಡಬೇಕು ಹೇಳಿ!

ಪರಿಚಯದ ಅಡಿಕೆ ಬೆಳೆಗಾರರೊಬ್ಬರು ಹಾಗೇ ತಗೊಂಡರು. ಜಬಲ್‌ಪುರದ ಕಾರ್ಖಾನೆಯಲ್ಲಿ ತಯಾರಾದ ಜೋಂಗಾ, ಆರು ಸಿಲಿಂಡರಿನ ಸುಮಾರು ನಾಲ್ಕು ಲೀಟರ್ ಪೆಟ್ರೋಲ್ ಎಂಜಿನ್. ಅವರ ತಂದೆ ಸೇನೆಯಲ್ಲಿ ಅದನ್ನೇ ಓಡಿಸುತ್ತಿದ್ದರಂತೆ. ಕೈಯಲ್ಲಿದ್ದದ್ದು ಗುಜರಿ ಲಾಟಿನ ಬಿಲ್ಲು. ನಾನು ಸ್ವಲ್ಪ ಜೋರಾಗಿಯೇ ಬೈದೆ. "ಇರ್ಲಿ ಬಿಡಿ ಸಾರ್, ತೋಟದಲ್ಲಿ ನಿಂತಿರುತ್ತೆ" ಅಂದರು.

ನಿಂತೇ ಇದೆ. ಆಯುಧಪೂಜೆಗೆ ತೊಳೆದು, ಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ಒಂದೈದು ನಿಮಿಷ ಸ್ಟಾರ್ಟ್ ಮಾಡುತ್ತಾರೆ. ನನ್ನನ್ನೂ ಕರೆಯುತ್ತಾರೆ, ಹೋಗುತ್ತೇನೆ. ಎಂಜಿನ್ನಿಗೆ ಏನೂ ಆಗಿಲ್ಲ.